ಗುಳೆ ಹೊರಟ ಇಳಕಲ್ ಸೆರಗು

ನಮ್ಮತ್ತೆಯ ಇಳಕಲ್ ಸೀರೆಯ ಸೆರಗಿನಿಂದ ಮೂರು ಗೊಂಡೆ ಕಾಣೆಯಾಗಿವೆ. ಕಳ್ಳ ಸಿಕ್ಕಿದ್ದಾನೆ, ನನ್ನ ಗಂಡನೇ. ಮಾಲು ಮಾತ್ರ ಮೀನಿನ ಬಾಯಿ ಸೇರಿದೆ. ಮೂರು ದಿನವಾಯಿತು, ನಾನಿನ್ನೂ ಪಾತ್ರೆ ತೊಳೆಯುತ್ತ ಒಬ್ಬಳೇ ನಗುತ್ತಿದ್ದೇನೆ.

ಮಿನಿಯಾಪೊಲಿಸ್‌ನ ಜನವರಿ ಎಷ್ಟೋ ರಾತ್ರಿ ಮೈನಸ್ ಇಪ್ಪತ್ತಕ್ಕೆ ಇಳಿಯುತ್ತದೆ. ಯಜಮಾನರ ಆಫೀಸು ಲ್ಯಾಪ್‌ಟಾಪಿನಲ್ಲೇ ಇದೆ. ಹಾಗಾಗಿ ಈ ಚಳಿಗಾಲಕ್ಕೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ದಕ್ಷಿಣಕ್ಕೆ ಇಳಿದು, ಅರ್ಕಾನ್ಸಾದ ವೈಟ್ ನದಿ ದಂಡೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಐದು ದಿನ ಕೋಡಿಂಗ್, ಎರಡು ದಿನ ಗೈಡ್‌ಗಿರಿ. ಅಂದರೆ ಕಾಸು ಕೊಟ್ಟವರನ್ನು ದೋಣಿಯಲ್ಲಿ ಕೂರಿಸಿಕೊಂಡು ಟ್ರೌಟ್ ಮೀನಿದ್ದಲ್ಲಿಗೆ ಒಯ್ಯುವುದು. ಅದಕ್ಕೆ ಲೈಸೆನ್ಸ್ ಬೇರೆ.

ಬಬಲೇಶ್ವರದಿಂದ ಬಂದಿದ್ದ ಅತ್ತೆ ಇದಕ್ಕೆ ಒಂದೇ ಶಬ್ದದ ತೀರ್ಪು ಕೊಟ್ಟರು: "ಗುಳೆ."

"ಮಳಿ ಹ್ವಾದ ವರ್ಷ ನಮ್ಮ ಮಂದಿ ಕಬ್ಬ ಕಡ್ಯಾಕ ಮಹಾರಾಷ್ಟ್ರಕ್ಕ, ಗೌಂಡಿ ಕೆಲಸಕ್ಕ ಗೋವಾಕ್ಕ ಗುಳೆ ಹೋಗ್ತಾರ. ನೀ ಇಂಜಿನೇರ್ ಆಗಿ ಮೀನ ಹಿಡ್ಯಾಕ ಹೊಂಟೀಯಲ್ಲೋ!"

"ಹಿಡದು ಮತ್ತ ನೀರಿಗೇ ಬಿಡ್ತೀವಬೇ."

"ಬಿಡಾವ ಇದ್ರ ಹಿಡಿಯೂದ್ಯಾಕ?"

ಮೊಟ್ಟೆ ಕಂಡರೂ ತಟ್ಟೆ ಸರಿಸುವ ಮನೆ ನಮ್ಮದು. ಬಿಡುತ್ತಾನೆಂದು ಕೇಳಿ ಅವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತಿಂದರೆ ಪಾಪ, ತಿನ್ನದೆ ಹಿಡಿದರೆ ಡೀಸೆಲ್ ದಂಡ!

ಈಗ ಕಳವಿನ ವಿಷಯ. ಚಳಿಗಾಲದಲ್ಲಿ ಟ್ರೌಟ್ ಬಹಳ ತಿನ್ನುವುದು ಅಕ್ಕಿಕಾಳಿಗಿಂತ ಸಣ್ಣ ಹುಳುಗಳನ್ನು. ಅವುಗಳಲ್ಲಿ ಕೆಲವು ರಕ್ತಗೆಂಪು. ಗಾಳಕ್ಕೆ ದಾರ ಸುತ್ತಿ ಅಂಥದೇ ಹುಸಿ ಹುಳು ಮಾಡಬೇಕು. ಅಂಗಡಿಯ ದಾರ ಇವರಿಗೆ ಪೇಲವವಾಗಿ ಕಂಡಿತು. ಕಪಾಟಿನಲ್ಲಿ ಅವ್ವನ ಸೆರಗಿನ ಕೆಂಪು ರೇಷ್ಮೆ ಕಂಡಿತು.

ಅತ್ತೆ ಸೀರೆಯನ್ನು ಊಟದ ಮೇಜಿನ ಮೇಲೆ ಹಾಸಿ ನ್ಯಾಯ ಕರೆದರು. ಗೊಂಡೆಗಳನ್ನು ಬಲದಿಂದ ಎಣಿಸಿದರು, ಎಡದಿಂದ ಎಣಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಒಂಬತ್ತು ವರ್ಷದ ಮೊಮ್ಮಗ ಒಂದು ಐಸ್‌ಕ್ರೀಮಿಗೆ ಅಪ್ಪನ ವಿರುದ್ಧ ಸಾಕ್ಷಿ ನುಡಿದ. ವಿಡಿಯೋ ಕಾಲಿನಲ್ಲಿ ಊರಿನ ನಾದಿನಿ, ಆಕೆಯ ನೆರೆಯವಳು, ದ್ರಾಕ್ಷಿ ತೋಟದಿಂದ ಆಗಷ್ಟೇ ಬಂದ ಮೈದುನ ಎಲ್ಲರೂ ಸೆರಗಿನ ದರ್ಶನ ಪಡೆದರು. "ಅವ್ವನ ಸೆರಗ ಕತ್ತರಿಸಿ ಮೀನಕ್ಕ ಉಡಿಸ್ಯಾನ" ಎಂಬ ಸುದ್ದಿ ಸಂಜೆಯೊಳಗೆ ತಿಕೋಟಾ ಮುಟ್ಟಿತ್ತು.

ಆರೋಪಿ ಕೊನೆಗೆ ಫೋಟೋ ತೋರಿಸಿದರು. ತುಟಿಯಂಚಿಗೆ ಕೆಂಪು ಎಳೆ ಸಿಕ್ಕಿಸಿಕೊಂಡ ಮೊಳದುದ್ದದ ಮೀನು. ಅತ್ತೆ ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿ ನೋಡಿದರು. "ನಮ್ಮ ಸೆರಗs ಇದು. ಮೀನಕ್ಕ ಇರೂ ಅಕಲು ನಿನಗಿಲ್ಲ."

ಮರುದಿನ ಅವರನ್ನು ಬುಲ್ ಶೋಲ್ಸ್ ಅಣೆಕಟ್ಟು ತೋರಿಸಲು ಒಯ್ದೆವು. ಗೈಡ್ ಸಾಹೇಬರು ಪಾಠ ಶುರು ಮಾಡಿದರು. 1951ರಲ್ಲಿ ಮುಗಿದ ಕಟ್ಟೆ. ಜಲಾಶಯದ ತಳದಿಂದ ತಣ್ಣೀರು ಬಿಡುತ್ತಾರೆ. ಆ ಥಂಡಿಗೆ ಇಲ್ಲಿನ ಮೂಲ ಮೀನುಗಳು ಉಳಿಯಲಿಲ್ಲ. ಸರ್ಕಾರ ಟ್ರೌಟ್ ಮರಿಗಳನ್ನು ಸಾಕಿ ತಂದು ಬಿಟ್ಟಿತು.

ಅತ್ತೆ ಕಟ್ಟೆಯನ್ನೇ ನೋಡುತ್ತ ನಿಂತಿದ್ದರು. ಅವರ ತವರು ಕೊಲ್ಹಾರ. ಊರೇನೋ ಮೊಸರಿಗೆ ಹೆಸರಾದದ್ದು. ಆದರೆ ಅವರು ಆಡಿ ಬೆಳೆದ ಹಳೆ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿದೆ.

"ಮೊದಲಿದ್ದ ಮೀನಕ್ಕ ಪರಿಹಾರ ಕೊಟ್ರೇನು?"

ಎಲ್ಲದಕ್ಕೂ ಉತ್ತರವಿರುವ ಗೈಡ್ ಸಾಹೇಬರು ದೋಣಿಯ ಹಗ್ಗ ಬಿಗಿಯತೊಡಗಿದರು. ಪರಿಹಾರವೆಂದು ಕೊಟ್ಟದ್ದು ಆ ಟ್ರೌಟ್ ಮರಿಗಳನ್ನೇ. ಅದು ನದಿ ಕಳಕೊಂಡ ಮೀನಿಗಲ್ಲ, ಗಾಳ ಹಿಡಿದವರಿಗೆ.

ವಾಪಸು ಬರುವಾಗ ಯಾರೂ ಗುಳೆಯ ಮಾತೆತ್ತಲಿಲ್ಲ. ಇವತ್ತು ಬೆಳಿಗ್ಗೆ ಸೀರೆ ಮಡಿಸುತ್ತ ನಾನೂ ಎಣಿಸಿದೆ. ಈಗ ನಾಲ್ಕು ಗೊಂಡೆ ಇಲ್ಲ. ಕತ್ತರಿ ಅತ್ತೆಯ ದಿಂಬಿನ ಕೆಳಗಿತ್ತು.