ನಲವತ್ತೈದು ಅಂಕಗಳ ಸಾಹುಕಾರರು

ಮಗನನ್ನು ವಸತಿಶಾಲೆಗೆ ಸೇರಿಸಿದ ತಂದೆಯರು ಲೋಕದಲ್ಲಿ ಅನೇಕರುಂಟು. ಆದರೆ ಅಂತರರಾಷ್ಟ್ರೀಯ ವಸತಿಶಾಲೆಗೆ ಸೇರಿಸಿದ ತಂದೆಯದು ಒಂದು ಪ್ರತ್ಯೇಕ ಕುಲವೇ ಸರಿ, ಮತ್ತು ತುಂಗಭದ್ರಾ ಎಡದಂಡೆಯ ನೀರು ಸಿಂಧನೂರಿನ ಸೀಮೆಗೆ ಹರಿದು, ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಈ ಕುಲವು ನಮ್ಮ ಕಡೆಯೂ ವೃದ್ಧಿ ಹೊಂದಿದೆ. ಕಾರಿನ ಹಿಂಗಾಜಿಗೆ ಶಾಲೆಯ ಲಾಂಛನ, ವಗ್ಗರಣಿ-ಮಿರ್ಚಿ ತಿನ್ನುವಾಗಲೂ ಅಲ್ಲಿಯ ಭೋಜನಶಾಲೆಯ ವರ್ಣನೆ, ಫೀಜನ್ನು ಹೇಳಲೊಲ್ಲೆನೆಂದು ಸಂಕೋಚ ನಟಿಸಿ ಭತ್ತದ ಚೀಲಗಳ ಲೆಕ್ಕದಲ್ಲಿ ಹೇಳಿಯೇ ಬಿಡುವ ಔದಾರ್ಯ, ಇವಿಷ್ಟು ಇವರ ಸಾಮಾನ್ಯ ಲಕ್ಷಣಗಳು.

ನನ್ನ ಪಾಲಿಗೆ ಬಂದವರು ಸಂತೆಕಲ್ಲೂರಿನ ನಮ್ಮ ಓಣಿಯ ಸಾಹುಕಾರರು. ನಿವೃತ್ತ ಕನ್ನಡ ಮಾಸ್ತರನಾದ ನನ್ನ ಇಂಗ್ಲಿಷನ್ನು ಜೀವಮಾನದಲ್ಲಿ ಯಾರೂ ಹೊಗಳಿದ್ದಿಲ್ಲ, ನನ್ನ ಹೆಂಡತಿಯಂತೂ ಇಲ್ಲವೇ ಇಲ್ಲ. ಆದರೂ ಬೆಂಗಳೂರಿನಿಂದ ಮಗನ ಪ್ರಗತಿಪತ್ರ ಬಂದೊಡನೆ ಅದನ್ನು ಓದಿಸಿಕೊಳ್ಳಲು, ನಾನು ಊಟಕ್ಕೆ ಕುಳಿತ ಮುಹೂರ್ತವನ್ನೇ ಆರಿಸಿ, ಸಾಹುಕಾರರು ನಮ್ಮ ಪಡಸಾಲೆಗೆ ದಯಮಾಡಿಸುವರು. ಪುಂಡಿಪಲ್ಯದ ಕೈಯನ್ನು ತೊಳೆದು ನಾನು ಕನ್ನಡಕ ಹುಡುಕಬೇಕು.

ಅಂಥದೊಂದು ಮಧ್ಯಾಹ್ನ ಪರಮ ಸಂಕಟವೊದಗಿತು. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಐಬಿ ಎಂಬ ಪದ್ಧತಿಯಲ್ಲಿ ಹುಡುಗನು ಓದುತ್ತಿರುವನೆಂದೂ, 1976ರಷ್ಟು ಹಿಂದೆಯೇ ಕೊಡೈಕೆನಾಲಿನ ಶಾಲೆಯ ಮೂಲಕ ಅದು ಭಾರತಕ್ಕೆ ಕಾಲಿಟ್ಟಿತೆಂದೂ, ಆರು ವಿಷಯಗಳಿಗೆ ತಲಾ ಏಳು, ಮೇಲೆ ಮೂರು, ಒಟ್ಟು 45 ಅಂಕಗಳೆಂದೂ ನಾನು ಸಾವಧಾನವಾಗಿ ವಿವರಿಸಿದೆನು. ಸಾಹುಕಾರರ ಮುಖ ಕಪ್ಪಿಟ್ಟಿತು.

“ನಲವತ್ತೈದಽ?”

“ಅಷ್ಟೇ ಸಾಹುಕಾರ್ರೇ.”

“ಅಲ್ರೀ ಮಾಸ್ತರ್, ನಮ್ಮೂರ ಸರ್ಕಾರಿ ಸಾಲ್ಯಾಗ ಪುಕ್ಕಟೆ ಕಲಿಸಿ 625ಕ್ಕ ಪರೀಕ್ಷಾ ಇಡ್ತಾರ. ಇಷ್ಟು ಲಕ್ಷ ಎಣಿಸಿಕೊಂಡು ಇವರು ನಲವತ್ತೈದರಾಗ ಮುಗಿಸ್ತಾರಂದ್ರ, ಉಳಿದವು ಎಲ್ಲಿ ಹೋದ್ವು?”

ಅಂಕಗಳು ತೂಕದ ಸರಕಲ್ಲವೆಂದು ನಾನು ಬಗೆಬಗೆಯಾಗಿ ನಿರೂಪಿಸಿದೆ. ರೊಟ್ಟಿ ಕಲ್ಲಾಯಿತು, ಸಾಹುಕಾರರು ಕರಗಲಿಲ್ಲ. ಅಡತಿ ಅಂಗಡಿಯಲ್ಲಿ ತೂಕ ಹೊಡೆಸಿಕೊಂಡವರಂತೆ ಎದ್ದುಹೋದರು.

ಅವರನ್ನು ಶಪಿಸುವುದು ಸುಲಭ. ನಾನೂ ಕೊರತೆ ಮಾಡಿಲ್ಲ. ಆದರೆ ಅವರು ಎರಡೆರಡು ಸಲ ಓದಿಸಿಕೊಳ್ಳುವುದು ಅಂಕಗಳ ಪುಟವನ್ನಲ್ಲ, ವಸತಿಗೃಹದ ಮೇಲ್ವಿಚಾರಕಿ ಕೊನೆಯಲ್ಲಿ ಬರೆದ ಮೂರು ಸಾಲುಗಳನ್ನು: ಹುಡುಗ ಊಟ ಸರಿಯಾಗಿ ಮಾಡುತ್ತಾನೆಯೇ, ರಾತ್ರಿ ದೀಪ ಆರಿಸಿದ ಮೇಲೆ ನಿದ್ರೆ ಹೋಗುತ್ತಾನೆಯೇ ಎಂಬುದು ಅಲ್ಲಿರುತ್ತದೆ. ಫೋನಿಗೆ ಅಲ್ಲಿ ನಿಯಮಿತ ವೇಳೆ. ಆ ವೇಳೆಯಲ್ಲಿ ಮಗ ಅವ್ವನೊಡನೆ ಮಾತನಾಡಿ ಮುಗಿಸುವಷ್ಟರಲ್ಲಿ ಅಪ್ಪನ ಪಾಲಿಗೆ ಉಳಿಯುವುದು “ಹೂಂ ಅಪ್ಪಾ, ಇಡ್ತೀನಿ” ಎಂಬುದಷ್ಟೇ. ರಜೆಗೆ ಬಂದ ಹುಡುಗನೂ ಗಂಟೆ ಹೊಡೆದಂತೆ ಎದ್ದು, ಹಾಸಿಗೆಯನ್ನು ತಾನೇ ಮಡಿಚಿಟ್ಟು, ನೀರು ಕೊಟ್ಟ ಅಜ್ಜಿಗೆ “ಥ್ಯಾಂಕ್ಸ್” ಹೇಳುತ್ತಾನೆ; ಮನೆಯವರಿಗೆ ಥ್ಯಾಂಕ್ಸ್ ಹೇಳುವವನು ನೆಂಟನಾದನೆಂದು ಆ ಮುದುಕಿ ಒಳಗೆ ಹೋಗಿ ಕಣ್ಣೊರಸಿಕೊಂಡಳಂತೆ.

ಈ ವರ್ಷ ಹುಡುಗನು ನಾಲ್ಕು ಸಾವಿರ ಪದಗಳ ಒಂದು ಪ್ರಬಂಧ ಬರೆಯಬೇಕಾಗಿದೆ. ಮಸ್ಕಿಯ ಅಶೋಕನ ಶಾಸನವನ್ನು ಆರಿಸಬಹುದಾಗಿತ್ತು. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನು 1915ರಲ್ಲಿ ಅದನ್ನು ಕಂಡದ್ದರಿಂದಲ್ಲವೇ ದೇವಾನಾಂಪ್ರಿಯನೇ ಅಶೋಕನೆಂದು ಲೋಕಕ್ಕೆ ಖಾತ್ರಿಯಾದದ್ದು! ಹುಡುಗನು ಅದನ್ನು ಬಿಟ್ಟು ನಮ್ಮೂರ ಘನಮಠದ ನಾಗಭೂಷಣ ಶಿವಯೋಗಿಗಳ ‘ಕೃಷಿಜ್ಞಾನ ಪ್ರದೀಪಿಕೆ’ ಎಂಬ ಒಕ್ಕಲುತನದ ಗ್ರಂಥವನ್ನು ಹಿಡಿದಿದ್ದಾನೆ. ತಾನು ಬೆಂಗಳೂರಿನಲ್ಲಿರುವುದರಿಂದ ಪ್ರಶ್ನೆಗಳ ಪಟ್ಟಿಯನ್ನು ಅಪ್ಪನಿಗೆ ಕಳುಹಿಸುತ್ತಾನೆ. ಸಾಹುಕಾರರು ಜೇಬಿನಲ್ಲಿ ನೋಟುಬುಕ್ಕಿಟ್ಟುಕೊಂಡು ಮಠದ ಕಟ್ಟೆಗೂ ಮುದುಕ ಒಕ್ಕಲಿಗರ ಹೊಲಗಳಿಗೂ ಅಲೆದು, ತಮ್ಮ ಅಜ್ಜನ ಕಾಲದ ಕೂರಿಗೆ, ಮಳೆ, ಮಣ್ಣುಗಳ ಸಂಗತಿಗಳನ್ನು ವಕ್ರಾಕ್ಷರಗಳಲ್ಲಿ ಬರೆದುಕೊಂಡು, ರಾತ್ರಿ ಅದನ್ನು ಫೋನಿನಲ್ಲಿ ಮಗನಿಗೆ ಓದಿ ಹೇಳುತ್ತಾರೆ. ಈಗ ಮಾತು ಅರ್ಧ ಗಂಟೆ ನಡೆಯುತ್ತದೆ. ಫೋನಿನ ವೇಳೆ ಮೀರುವುದೆಂದು ಅವಸರಪಡುವುದು ಮಗನಲ್ಲ, ಶಾಲೆಯವರು.

ನಿನ್ನೆ ಮತ್ತೆ ಊಟದ ಹೊತ್ತಿಗೆ ಬಂದರು.

“ಮಾಸ್ತರ್, ಇದಕ್ಕ ಆ ನಲವತ್ತೈದರಾಗ ಎಷ್ಟು ಬರತೈತಿ?”

ಪ್ರಬಂಧಕ್ಕೂ ಜ್ಞಾನಮೀಮಾಂಸೆಯೆಂಬ ಇನ್ನೊಂದು ಪಾಠಕ್ಕೂ ಕೂಡಿ ಹೆಚ್ಚೆಂದರೆ ಮೂರೆಂದೆ.

ಸಾಹುಕಾರರು ಬಹಳ ಹೊತ್ತು ನೋಟುಬುಕ್ಕನ್ನು ತಿರುವಿ ಹಾಕಿ, “ಮೂರರಾಗ ನನ್ನ ಪಾಲು ಅವರು ಬ್ಯಾರೆ ಬರದು ತೋರಸ್ತಾರೇನ್ರಿ?” ಎಂದರು.