ನಮ್ಮ ಶಾಲೆಯ ಹೆಮ್ಮೆ

ನಮ್ಮೂರಿನ ಸರ್ಕಾರಿ ಹೈಸ್ಕೂಲಿನ ಕಾಂಪೌಂಡಿಗೆ ಫ್ಲೆಕ್ಸ್ ಬಿತ್ತೆಂದರೆ, ಅಲ್ಲಿ ಓದಿದ ಯಾರೋ ಏನನ್ನೋ ಸಾಧಿಸಿದ್ದಾರೆ ಎಂದು ತಿಳಿಯಬೇಕು. ಏನನ್ನು ಎನ್ನುವುದು ಮಾತ್ರ ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ಮೇಲ್ಗಡೆ ಶಾಸಕರು, ಅವರ ಎಡಬಲಕ್ಕೆ ಹಾಲಿ ಮತ್ತು ಮಾಜಿ ಪುರಸಭೆಯವರು, ಕೆಳಗಡೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಶುಭಕೋರುವವರ ಎರಡು ಸಾಲು. ಇಷ್ಟೆಲ್ಲ ಆಗಿ ಮಿಕ್ಕ ಜಾಗದಲ್ಲಿ ಸಾಧಕ. ಕೆಎಎಸ್ ಪಾಸು ಮಾಡಿದ ಹುಡುಗಿಯೊಬ್ಬಳ ಫ್ಲೆಕ್ಸ್ ಕಟ್ಟಿಸುತ್ತಿದ್ದಾಗ ಡೇರಿಗೆ ಹಾಲು ಹಾಕಲು ಬಂದ ಅಜ್ಜಿಯೊಬ್ಬರು ಕ್ಯಾನು ಕೆಳಗಿಟ್ಟು, “ಅಯ್ಯೋ, ಯಾವಾಗ ಹೋಯ್ತಪ್ಪ ಮಗು?” ಅಂದರು. “ಹೋಗಿಲ್ಲ ಅಜ್ಜಿ, ಪಾಸಾಗಿದೆ” ಅಂದೆ. ಅಜ್ಜಿಯದೇನೂ ತಪ್ಪಿಲ್ಲ. ನಮ್ಮೂರಲ್ಲಿ ಶ್ರದ್ಧಾಂಜಲಿಗೂ ಅಭಿನಂದನೆಗೂ ಅದೇ ಅಂಗಡಿ, ಅದೇ ಡಿಸೈನು.

ನಾನು ಈ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯಕಾರಿ ಸಮಿತಿ ಸದಸ್ಯ. ಸಾಧಿಸಿದವನಲ್ಲ, ಸಾಧಿಸಿದವರನ್ನು ಪತ್ತೆ ಹಚ್ಚುವವನು. ಇದಕ್ಕೆ ಬೇಕಾದ ಅರ್ಹತೆ ಒಂದೇ, ಊರು ಬಿಡದೆ ಇರುವುದು. ವರ್ಷಕ್ಕೊಮ್ಮೆ ‘ಇತ್ತೀಚಿನ ಸಾಧಕರಿಗೆ ಸನ್ಮಾನ’ ಏರ್ಪಡಿಸುತ್ತೇವೆ. ಅದಕ್ಕಿಂತ ಮೊದಲು ನಡೆಯುವ ಸಭೆಗಳಲ್ಲಿ ‘ಇತ್ತೀಚಿನ’ ಎಂದರೆ ಎಷ್ಟು, ‘ಸಾಧನೆ’ ಎಂದರೆ ಯಾವುದು ಎನ್ನುವುದು ಪ್ರತಿ ವರ್ಷವೂ ಹೊಸದಾಗಿ ಚರ್ಚೆಯಾಗುತ್ತದೆ. ಮೂರು ವರ್ಷದೊಳಗಿನದು ಇತ್ತೀಚಿನದು ಎಂದು ಖಜಾಂಚಿ. ತಮಗೆ ರಾಜ್ಯೋತ್ಸವದಲ್ಲಿ ತಾಲ್ಲೂಕು ಪ್ರಶಸ್ತಿ ಬಂದ ವರ್ಷ ಯಾವ ಕಾರಣಕ್ಕೂ ಲೆಕ್ಕದಿಂದ ಬಿಟ್ಟುಹೋಗಬಾರದು ಎಂದು ಅಧ್ಯಕ್ಷರು.

ಅರ್ಜಿಗಳೂ ಬರುತ್ತವೆ. ಒಬ್ಬಾತ ಗೌರವ ಡಾಕ್ಟರೇಟ್ ಪಡೆದ ಫೋಟೋ ಕಳಿಸಿದ್ದ. ಕಪ್ಪು ಗೌನು, ಕುಚ್ಚಿನ ಟೋಪಿ, ಹಿಂದೆ ಯಾವುದೋ ಹೋಟೆಲಿನ ಪಾರ್ಟಿ ಹಾಲು. ಪ್ರದಾನ ಮಾಡಿದ ವಿಶ್ವವಿದ್ಯಾಲಯ ಯಾವ ಊರಲ್ಲಿದೆ ಎನ್ನುವುದು ಸಮಿತಿಯ ಯಾರಿಗೂ ಹೊಳೆಯಲಿಲ್ಲ. ಖಜಾಂಚಿ ಕನ್ನಡಕ ಏರಿಸಿ ಫೋಟೋವನ್ನು ಎರಡೆರಡು ಸಲ ನೋಡಿ, “ಇದಕ್ಕೆ ರಶೀದಿ ಏನಾದ್ರೂ ಕೊಟ್ಟಿದಾರಾ?” ಎಂದು ಕೇಳಿದರು. ಅರ್ಜಿ ಅಲ್ಲಿಗೇ ನಿಂತಿತು. ಇನ್ನೊಂದು ಸಲ ತಾಯಿಯೊಬ್ಬರು ಬಂದು, ಅಮೆರಿಕದಲ್ಲಿರುವ ತಮ್ಮ ಮಗನಿಗೆ ಕೊನೆಗೂ ಗ್ರೀನ್ ಕಾರ್ಡ್ ಬಂತು, ಅದು ಸಾಧನೆ ಅಲ್ಲವಾ ಎಂದು ಕೇಳಿದರು. “ಅಷ್ಟು ವರ್ಷ ಕ್ಯೂನಲ್ಲಿ ನಿಂತಿದ್ದಾನೆ ಅಂದ್ರೆ ಸಾಧನೆ ಅಲ್ದೆ ಇನ್ನೇನು ಬಿಡಮ್ಮ” ಎಂದು ಕಾರ್ಯದರ್ಶಿ ಹೆಸರು ಬರೆದುಕೊಂಡರು. ನಮ್ಮ ಕಾರ್ಯದರ್ಶಿಗೆ ರೇಷನ್ ಅಂಗಡಿ ಇದೆ. ಕ್ಯೂ ಎಂದರೇನು ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಹೆಸರು ಗೊತ್ತಾದರೆ ಮುಗಿಯಲಿಲ್ಲ. ಆತ ನಿಜವಾಗಿಯೂ ನಮ್ಮಲ್ಲೇ ಓದಿದನೇ ಎಂದು ದಾಖಲಾತಿ ಪುಸ್ತಕದಲ್ಲಿ ನೋಡಬೇಕು. ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಮುರಿದ ಗ್ಲೋಬಿನ ಪಕ್ಕ ಅದು ಇದೆ. ರಟ್ಟು ಕಿತ್ತು ಬಂದಿದೆ, ಅಂಚನ್ನು ಗೆದ್ದಲು ತಿಂದಿದೆ. ತಂದೆಯ ಕಸುಬು ವ್ಯವಸಾಯ. ಹುಟ್ಟಿದ ದಿನ ಜೂನ್ 1. ಕೆಳಗಿನವನೂ ಜೂನ್ 1, ಅವನ ಕೆಳಗಿನವಳೂ ಜೂನ್ 1. ಆ ಕಾಲದಲ್ಲಿ ಮಕ್ಕಳನ್ನು ಸೇರಿಸಲು ಬಂದವರು “ದೊಡ್ಡ ಮಳೆ ಬಂದ ವರ್ಷ ಸಾಮಿ” ಎಂದು ಹೇಳುತ್ತಿದ್ದರು. ಮೇಷ್ಟ್ರು ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಸರಿಹೋಗುವ ಹಾಗೆ ಒಂದು ತಾರೀಕು ಹಾಕಿಕೊಳ್ಳುತ್ತಿದ್ದರು. ಕರ್ನಾಟಕದ ಹಳೆ ತಲೆಮಾರಿನ ಸಾಧಕರಲ್ಲಿ ಜೂನ್ ತಿಂಗಳಲ್ಲಿ ಹುಟ್ಟಿದವರು ಯಾಕಿಷ್ಟು ಮಂದಿ ಎಂದು ಜ್ಯೋತಿಷಿಗಳು ತಲೆ ಕೆಡಿಸಿಕೊಂಡರೆ ನಮ್ಮ ಬೀರುವಿನ ಬೀಗದ ಕೈ ಕೊಡಬಹುದು.

ಆ ಪುಸ್ತಕಕ್ಕಿಂತ ಟಿ.ಸಿ. ಪ್ರತಿಗಳ ಕಟ್ಟು ಇನ್ನೂ ಸೊಗಸು. ಅದರಲ್ಲಿ ‘ನಡತೆ’ ಎಂಬ ಕಲಂ ಇರುತ್ತದೆ. ಮುಂದೆ ದೊಡ್ಡ ವಿಜ್ಞಾನಿಯಾದವಳ ನಡತೆ ‘ತೃಪ್ತಿಕರ’. ಮುಂದೆ ಸಹಕಾರ ಸಂಘದ ದುಡ್ಡು ನುಂಗಿ ಪೊಲೀಸ್ ವ್ಯಾನು ಹತ್ತಿದವನ ನಡತೆಯೂ ‘ತೃಪ್ತಿಕರ’. ಒಂದೇ ಶಾಯಿ, ಒಂದೇ ಕೈಬರಹ. ಯಾವ ಮಗು ಏನಾಗುತ್ತದೆ ಎಂದು ಶಾಲೆಗೆ ಆಗ ಗೊತ್ತಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಲಿಖಿತ ಪುರಾವೆ ಬೇಕೇ? ಆದರೂ ನಾವು ಹೆಮ್ಮೆ ಪಡುತ್ತೇವೆ. ಶಾಲೆಗೆ ಹೆಮ್ಮೆ ಪಡಲು ಕಾರಣ ಬೇಕಿಲ್ಲ, ದಾಖಲಾತಿ ಸಂಖ್ಯೆ ಸಾಕು.

ದೊಡ್ಡ ಹೆಸರುಗಳ ಕತೆಯೂ ಬೇರೆಯಲ್ಲ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ಕನ್ನಡನಾಡೇ ಅವರ ಹಳೆ ಸಹಪಾಠಿಯಾಯಿತು. ಎಂಟು ವರ್ಷದ ಹುಡುಗಿಯಾಗಿದ್ದಾಗ ಬಾನು ಅವರನ್ನು ಶಿವಮೊಗ್ಗದ ಕ್ರೈಸ್ತ ಮಿಷನರಿಗಳ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಒಂದು ಷರತ್ತಿನ ಮೇಲೆ. ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಬರಬೇಕು, ಇಲ್ಲದಿದ್ದರೆ ಮನೆಗೆ. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಈಗ ಸನ್ಮಾನ ಯಾರಿಗೆ ಮಾಡಬೇಕು, ಕಲಿತವರಿಗೋ ಷರತ್ತು ಹಾಕಿದವರಿಗೋ? ನಮ್ಮ ಸಮಿತಿಗೆ ಬಿಟ್ಟಿದ್ದರೆ ಇಬ್ಬರಿಗೂ ಒಂದೊಂದು ಶಾಲು ಹೊದಿಸಿ ಒಂದೇ ಫ್ಲೆಕ್ಸಿನಲ್ಲಿ ಮುಗಿಸುತ್ತಿದ್ದೆವು.

ಆರ್.ಕೆ. ನಾರಾಯಣ್ ಅವರದು ಇನ್ನೊಂದು ತಮಾಷೆ. ಅಪ್ಪ ಮೈಸೂರಿನ ಮಹಾರಾಜ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಓದುತ್ತ ಬರೆಯುತ್ತ ಮನೆಯಲ್ಲಿ ಕೂತರು. 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜಿಗೆ ಸೇರಿದ ಮೇಲೆ, ಮೂರು ವರ್ಷದ ಡಿಗ್ರಿಗೆ ನಾಲ್ಕು ವರ್ಷ ತೆಗೆದುಕೊಂಡರು. ಫೇಲಾದ ವರ್ಷವೇ ಅವರನ್ನು ಲೇಖಕರನ್ನಾಗಿ ಮಾಡಿತು ಎನ್ನುವುದಾದರೆ, ಆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ಮಹಾನುಭಾವರಿಗೆ ಒಂದು ಹಾರವಾದರೂ ಸಲ್ಲಬೇಡವೇ?

ಮೈಸೂರಿನದೇ ಮರಿಮಲ್ಲಪ್ಪ ಶಾಲೆಯದು ಸಮೃದ್ಧ ಪಟ್ಟಿ. ಕವಿ ಎ.ಕೆ. ರಾಮಾನುಜನ್ ಅಲ್ಲಿಯವರು, ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಕೂಡ ಅಲ್ಲಿಯವರು. ಇಬ್ಬರನ್ನೂ ಒಂದೇ ಭಾಷಣದಲ್ಲಿ ಹಿಡಿಸಬೇಕಾದ ಸ್ವಾಗತ ಸಮಿತಿಯವರ ಪಾಡು ನೆನೆದು ನನಗೆ ಮರುಕವಾಗುತ್ತದೆ. ಶ್ರೀನಾಥ್ ಅವರ ಸಾಧನೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ವಿಕೆಟ್ ತೆಗೆದದ್ದಲ್ಲ, ತೆಗೆಯದೆ ಬಿಟ್ಟದ್ದು. 1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಪಾಕಿಸ್ತಾನದ ಒಂಬತ್ತು ವಿಕೆಟ್ ಅನಿಲ್ ಕುಂಬ್ಳೆಯ ಜೇಬಿನಲ್ಲಿ. ಹತ್ತನೆಯದೂ ಅವರಿಗೇ ಸಿಗಲಿ ಎಂದು ಇನ್ನೊಂದು ತುದಿಯಿಂದ ಶ್ರೀನಾಥ್ ಸ್ಟಂಪಿನ ಹತ್ತಿರ ಬಾರದ ಹಾಗೆ ವೈಡ್ ಎಸೆದರು. ಕುಂಬ್ಳೆ 74 ರನ್ನಿಗೆ ಹತ್ತು ವಿಕೆಟ್. ಕುಂಬ್ಳೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನವರು. ಹತ್ತು ವಿಕೆಟ್ಟಿಗೆ ಬೆಂಗಳೂರಿನವರು ಹಾರ ಹಾಕಲಿ. ಆ ವೈಡುಗಳಿಗೆ ಮೈಸೂರಿನವರು ಬೇರೆಯೇ ಒಂದು ಸಮಾರಂಭ ಮಾಡಬೇಕಿತ್ತು ಎಂದು ನನ್ನ ವಾದ. ಯಾವ ಸಂಘದ ಪಟ್ಟಿಯಲ್ಲೂ ‘ಬೇರೆಯವನಿಗೆ ಬಿಟ್ಟುಕೊಟ್ಟದ್ದು’ ಎಂಬ ಕಲಂ ಇಲ್ಲ.

ಅದೇ ನ್ಯಾಷನಲ್ ಹೈಸ್ಕೂಲಿಗೆ 1935ರಲ್ಲಿ ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ನಡೆದುಕೊಂಡೇ ಬಂದು ಸೇರಿದ ಹುಡುಗ ಎಚ್. ನರಸಿಂಹಯ್ಯ. ಮುಂದೆ ಅದೇ ಸಂಸ್ಥೆಯ ಕಾಲೇಜಿನಲ್ಲಿ ಮೇಷ್ಟ್ರು, ಪ್ರಿನ್ಸಿಪಾಲರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಲ್ಲ ಆದರೂ ಹಾಸ್ಟೆಲಿನ ಕೋಣೆ ಬಿಡಲಿಲ್ಲ. ಇಂಥವರನ್ನು ಹಳೆ ವಿದ್ಯಾರ್ಥಿ ಎನ್ನುವುದು ಹೇಗೆ? ಶಾಲೆ ಬಿಟ್ಟು ಹೋದರೆ ತಾನೆ ಹಳಬರಾಗುವುದು.

ಇನ್ನು ಸನ್ಮಾನಕ್ಕೆ ಬರೋಣ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿಗಳಾಗಿ ಹನ್ನೆರಡೂವರೆಗೆ ಸಾಧಕರನ್ನು ಮೈಸೂರು ಪೇಟಕ್ಕೆ ಒಪ್ಪಿಸುತ್ತೇವೆ. ಸಿದ್ಧ ಪೇಟ ಅಂಗಡಿಯಲ್ಲಿ ಒಂದೇ ಅಳತೆಗೆ ಸಿಕ್ಕುತ್ತದೆ, ಸಾಧಕರ ತಲೆಗಳು ಹಾಗಲ್ಲ. ಹೋದ ವರ್ಷ ಇಸ್ರೋದಲ್ಲಿ ಕೆಲಸ ಮಾಡುವ ಹುಡುಗನಿಗೆ ಪೇಟ ಹಣೆಯ ಮೇಲ್ಗಡೆಯೇ ಕೂತುಕೊಂಡಿತು. ಅಧ್ಯಕ್ಷರು ಅದನ್ನು ಎರಡೂ ಕೈಯಿಂದ ಅದುಮಿದರು. ಕೈ ಬಿಟ್ಟ ಕೂಡಲೇ ಅದು ಮೇಲಕ್ಕೆ ಹಾರಿತು. “ಇದೇ ಅಲ್ವಾ ಉಡಾವಣೆ” ಎಂದು ಮುಂದಿನ ಸಾಲಿನಿಂದ ಯಾರೋ ಅಂದರು. ಅಷ್ಟರಲ್ಲಿ ಶಾಲು ಬಂತು, ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಬಂತು, ಜರಿ ಕಾಗದ ಸುತ್ತಿದ ಹಣ್ಣಿನ ಬುಟ್ಟಿ ಬಂತು. ಬುಟ್ಟಿಯಲ್ಲಿ ಮೇಲ್ಗಡೆ ಆರು ಸೇಬು, ಅವುಗಳ ಕೆಳಗೆ ಪೂರ್ತಿ ಹುಲ್ಲು. ಗಾಜಿನ ಸ್ಮರಣಿಕೆ ಯಾವಾಗಲೂ ವಿಮಾನದಲ್ಲಿ ಒಯ್ಯಲಾಗದಷ್ಟು ಭಾರ. ಹಾಗಾಗಿ ಸಾಧಕರ ಸ್ಮರಣಿಕೆಗಳೆಲ್ಲ ಊರಿನಲ್ಲೇ ಉಳಿದ ಅಣ್ಣಂದಿರ ಮನೆಯ ಟೀವಿ ಪಕ್ಕದಲ್ಲಿವೆ. ಅವರೂ ನಮ್ಮ ಶಾಲೆಯವರೇ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ತಮ್ಮಂದಿರ ಫೀಸು ಕಟ್ಟಿದವರು. ಸಮಾರಂಭದ ದಿನ ಕುರ್ಚಿ ಜೋಡಿಸುತ್ತಿರುತ್ತಾರೆ.

ಆಮೇಲೆ ನಮ್ಮ ಲೆಕ್ಕದ ಮೇಷ್ಟ್ರು ಮೈಕಿನ ಮುಂದೆ ಬಂದರು. ಎಂಬತ್ತು ದಾಟಿದೆ. ಇಬ್ಬರು ಹಿಡಿದುಕೊಂಡು ಬಂದು ನಿಲ್ಲಿಸಬೇಕು, ಮಾತು ನಿಲ್ಲಿಸಲು ಮೂವರು ಸಾಲದು.

“ಈ ಹುಡುಗ ಇಷ್ಟು ಮೇಲೆ ಬರ್ತಾನೆ ಅಂತ ನಾನು ಅವತ್ತೇ ಹೇಳಿದ್ದೆ” ಎಂದರು.

ಇಸ್ರೋ ಹುಡುಗ ಪೇಟ ಹಿಡಿದುಕೊಂಡೇ ಎದ್ದು ನಿಂತು, “ಹೇಳಿದ್ರಿ ಸಾರ್. ಆದ್ರೆ, ನಿನ್ನ ತಲೇಲಿ ಇರೋದು ಜೇಡಿಮಣ್ಣು, ಇಟ್ಟಿಗೆ ಗೂಡಿಗೆ ಹೋಗು ಅಂತ ಹೇಳಿದ್ರಿ” ಎಂದ.

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗು ನಿಲ್ಲುವ ತನಕ ಕಾದು, “ಹಾಗೆ ಅಂದಿದ್ದಕ್ಕೇ ತಾನೇ ಕಣೋ ನೀನು ಹಠ ಹಿಡಿದು ಓದಿದ್ದು? ಕೂತ್ಕೊ” ಅಂದರು. ಅವನು ಕೂತ.

ಮೇಷ್ಟ್ರುಗಳ ಈ ವಾದವನ್ನು ಯಾರೂ ಗೆದ್ದದ್ದಿಲ್ಲ. ಹೊಗಳಿದ್ದರೆ ಪ್ರೋತ್ಸಾಹ, ಬೈದಿದ್ದರೆ ಛಲ, ಹೆಸರೇ ನೆನಪಿಲ್ಲದಿದ್ದರೆ ಸ್ವಾವಲಂಬನೆ ಕಲಿಸಿದ್ದು. ಆದರೆ ಅವತ್ತು ಊಟದ ಪಂಕ್ತಿಯಲ್ಲಿ ಅದೇ ಹುಡುಗ ತನ್ನ ಬುಟ್ಟಿಯ ಸೇಬನ್ನು ಮೇಷ್ಟ್ರ ಎಲೆಯ ಪಕ್ಕ ಇಟ್ಟು, ಅವರು ಪಲ್ಯ ಕಲಸಿಕೊಳ್ಳುವುದಕ್ಕೆ ತಡಕಾಡುತ್ತಿದ್ದಾಗ ಎಲೆಯನ್ನು ಹತ್ತಿರಕ್ಕೆ ಸರಿಸಿದ್ದನ್ನು ನಾನು ನೋಡಿದೆ. ಸಂಘದ ಖರ್ಚಿಗೆ ಚಂದಾ ಎತ್ತಲು ಮತ್ತೆ ಮನೆ ಮನೆ ತಿರುಗುವುದಕ್ಕೆ ನನಗೆ ಅಷ್ಟು ಸಾಕು.

ಈ ಸಲದ ಪಟ್ಟಿ ಇನ್ನೂ ಮುಗಿದಿಲ್ಲ. ನೀವು ನಮ್ಮಲ್ಲಿ ಓದಿದವರಾಗಿದ್ದು, ಎಂಟನೇ ಕ್ಲಾಸಿನಲ್ಲಿ ಮೂರು ತಿಂಗಳಾದರೂ ಸರಿ, ಏನಾದರೂ ಸಾಧಿಸಿದ್ದರೆ ಕಾರ್ಯದರ್ಶಿಗೆ ತಿಳಿಸಿ, ತಲೆಯ ಅಳತೆ ಸಮೇತ. ಏನೂ ಸಾಧಿಸಿಲ್ಲದಿದ್ದರೆ ತಪ್ಪದೆ ಬನ್ನಿ, ನಮಗೆ ಚಪ್ಪಾಳೆ ತಟ್ಟುವವರ ಕೊರತೆ ಬಹಳ ಇದೆ. ಊಟ ಒಂದೂವರೆಗೆ.