ಮೀನುಗಾರರಿಗೆ ಯಾವುದೇ ಎಚ್ಚರಿಕೆ ಇಲ್ಲ

ಹಳಿಯಾಳದ ನಮ್ಮ ಮನೆಯಲ್ಲಿ ಡಿಸೆಂಬರ್ ತಿಂಗಳ ಬೆಳಗು ಶುರುವಾಗುವುದು ರೇಡಿಯೋದ ಹವಾ ವರದಿಯಿಂದ. ಅಪ್ಪ ಮಂಕಿ ಟೋಪಿಯ ಒಂದು ಬದಿಯನ್ನು ಮೇಲೆತ್ತಿ, ಒಂದೇ ಕಿವಿಯನ್ನು ಥಂಡಿಗೆ ಒಡ್ಡಿ ಕೇಳುತ್ತಾನೆ. ಕರಾವಳಿಯಲ್ಲಿ ಒಣಹವೆ, ಮೀನುಗಾರರಿಗೆ ಯಾವುದೇ ಎಚ್ಚರಿಕೆ ಇಲ್ಲ ಎಂಬಲ್ಲಿಗೆ ಬಂದ ಕೂಡಲೇ ಟೋಪಿ ಮತ್ತೆ ಕೆಳಗಿಳಿಯುತ್ತದೆ. “ಸಮುದ್ರಕ್ಕ ಇಳಿಯಾಕ ಅಡ್ಡಿ ಇಲ್ಲಂತ” ಎನ್ನುತ್ತ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಮನೆಗೆ ಹೊರಡುತ್ತಾನೆ. ಅಲ್ಲಿ ಹಂಡೆಯಲ್ಲಿ ನೀರು ಬುಸುಗುಡುತ್ತಿರುತ್ತದೆ. ನಮಗೆ ಸಮೀಪದ ಸಮುದ್ರವೆಂದರೆ ಅದೇ.

ತಮಾಷೆಗೆ ಹೇಳುತ್ತಿಲ್ಲ, ಸರ್ಕಾರಿ ಲೆಕ್ಕದಲ್ಲಿ ನಾವು ಕರಾವಳಿಯವರು. ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ಹಂಚಿದೆ. ಕರ್ನಾಟಕದ ಪಾಲಿಗೆ ಮೂರು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಉತ್ತರ ಕನ್ನಡ ಜಿಲ್ಲೆ ಇಡಿಯಾಗಿ ಕರಾವಳಿಯ ಪಾಲಾಗಿದೆ. ಜಿಲ್ಲೆಯ 12 ತಾಲೂಕುಗಳಲ್ಲಿ ಸಮುದ್ರ ಕಂಡವು ಐದೇ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಉಳಿದ ಏಳು ಮದುವೆ ದಿಬ್ಬಣದ ಬಸ್ಸು ಹತ್ತಿ ಕೂತ ಪಕ್ಕದ ಮನೆಯವರ ಹಾಗೆ. ಊಟ ಸಿಗುತ್ತದೆ, ಫೋಟೋದಲ್ಲಿಯೂ ಇರುತ್ತೇವೆ, ಆದರೆ ಯಾರ ಕಡೆಯವರು ಎಂದು ಕೇಳಿದರೆ ತಡವರಿಸಬೇಕಾಗುತ್ತದೆ.

ಹಳಿಯಾಳದಿಂದ ಧಾರವಾಡಕ್ಕೆ ಬಸ್ಸಿನಲ್ಲಿ ತಾಸಿನ ದಾರಿ. ಕಾರವಾರಕ್ಕೆ ಹೊರಟರೆ ಬುತ್ತಿ ಕಟ್ಟಿಕೊಳ್ಳಬೇಕು. ಧಾರವಾಡ ಮಾತ್ರ ಉತ್ತರ ಒಳನಾಡು. ಅಲ್ಲಿ ಥಂಡಿ ಎಂದರೆ ಸುದ್ದಿ. ಅದೇ ಥಂಡಿ ಜಿಲ್ಲೆಯ ಗಡಿಕಲ್ಲು ದಾಟಿ ನಮ್ಮ ಕಡೆ ಬಂದಿತೋ, ಒಣಹವೆ! ಈಗೀಗ ಹೋಬಳಿಗೊಂದು ಯಂತ್ರ, ಪಂಚಾಯತಿಗೊಂದು ಮಳೆಮಾಪಕ ಬಂದು ನಮ್ಮ ಥಂಡಿಗೂ ದಾಖಲೆ ಸಿಗುತ್ತಿದೆ, ನಿಜ. ಆದರೆ ಇಲಾಖೆಯ ಹಳೆಯ ವೀಕ್ಷಣಾಲಯಗಳು ಜಿಲ್ಲೆಯಲ್ಲಿ ಇರುವುದು ಕಾರವಾರ, ಹೊನ್ನಾವರ, ಶಿರಾಲಿಗಳಲ್ಲಿ. ಮೂರೂ ಅಲೆಯ ಸದ್ದು ಕೇಳುವಷ್ಟು ದೂರದಲ್ಲಿ.

ದಾಂಡೇಲಿಯವರು ನಮಗಿಂತ ಜಾಣರು, ಈ ಕರಾವಳಿತನವನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದ್ದಾರೆ. 1955ರಲ್ಲಿ ಅಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಹೆಸರೇ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಕಾಡಿನ ನಡುವೆ ಪಶ್ಚಿಮ ಕರಾವಳಿ! ಅಲ್ಲಿಂದ ಸಮುದ್ರ ಸೇರುವುದು ಎಷ್ಟು ಕಷ್ಟ ಎಂಬುದನ್ನು ಕಾಳಿ ನದಿಯನ್ನು ಕೇಳಬೇಕು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ನಾಲ್ಕು ಚೆಕ್‌ಪೋಸ್ಟುಗಳಲ್ಲಿ ನಿಂತು, 184 ಕಿಲೋಮೀಟರ್ ಸವೆಸಿದ ಮೇಲೆ ಅದಕ್ಕೆ ಕಾರವಾರದಲ್ಲಿ ಉಪ್ಪುನೀರಿನ ದರ್ಶನ.

ಈ ಸರ್ಕಾರಿ ಕರಾವಳಿಯಿಂದ ನಿಜವಾಗಿ ಮೋಸಹೋದವಳು ನನ್ನ ಹೆಂಡತಿ. ಅವಳ ತವರು ಅಂಕೋಲೆ. ಮಾತುಕತೆಯ ದಿನ ಮಧ್ಯಸ್ಥರು “ಒಂದೇ ಜಿಲ್ಲೆ, ಒಂದೇ ಹವೆ” ಎಂದು ತಾಂಬೂಲ ಬದಲಿಸಿಬಿಟ್ಟರು. ತುಳಸಿ ಮದುವೆ ಮುಗಿದ ವಾರಕ್ಕೆ ನಮ್ಮ ಮದುವೆ. ಅವಳ ಟ್ರಂಕಿನಲ್ಲಿ ಹನ್ನೆರಡು ವಾಯಿಲ್ ಸೀರೆ, ಎರಡು ಬೀಸಣಿಕೆ ಇದ್ದವು. ಮೂರನೆಯ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಹೋದವಳು ಬಕೆಟ್ಟನ್ನು ಅಲ್ಲೇ ಇಟ್ಟು ಬಂದು, “ಮಾರಾಯ್ರೆ, ನಿಮ್ಮೂರಲ್ಲಿ ನೀರಿಗೂ ಹಲ್ಲಿದೆ” ಎಂದಳು. ಹೊಸ್ತಿಲ ಹುಣ್ಣಿಮೆಗೆ ಹೊಸ್ತಿಲು ದಾಟಲಾರದಷ್ಟು ಚಳಿ ಎಂಬ ಮಾತನ್ನು ಅವಳ ಊರಿನಲ್ಲಿ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಅವತ್ತೇ ಸ್ವೆಟರ್ ತರಲು ಹುಬ್ಬಳ್ಳಿಗೆ ಓಡಿದೆ. ರಸ್ತೆಬದಿಯ ಸ್ವೆಟರ್ ಅಂಗಡಿಯಲ್ಲಿ ಕೂತಿದ್ದ ಟಿಬೆಟಿನ ಬಾಯಿಯವರು ಯಾವ ಊರೆಂದು ಕೇಳಿದರು. ಹಳಿಯಾಳ ಎಂದೆ. “ಹಂಗಾರ ನಮ್ಮ ಜಿಲ್ಲೆಯವರs ಬಿಡ್ರಿ” ಎಂದರು. ಅವರ ಮನೆ ಮುಂಡಗೋಡಿನ ಕ್ಯಾಂಪಿನಲ್ಲಿ. 1966ರಲ್ಲಿ ಅಲ್ಲಿ ನೆಲೆ ಪಡೆದ ಹಿಮದ ನಾಡಿನ ಜನರೂ ಕಾಗದದಲ್ಲಿ ಕರಾವಳಿಯವರೇ. ಲೂಧಿಯಾನಾದಲ್ಲಿ ಹೆಣೆದ ಸ್ವೆಟರನ್ನು ಒಬ್ಬ ಕರಾವಳಿಯವರು ಇನ್ನೊಬ್ಬ ಕರಾವಳಿಯವನಿಗೆ ಒಳನಾಡಿನಲ್ಲಿ ಮಾರಿದರು. ಅದರಿಂದ ಚೌಕಾಸಿಯಲ್ಲಿ ಐವತ್ತು ರೂಪಾಯಿ ಕೂಡ ಇಳಿಯಲಿಲ್ಲ.

ಇಲಾಖೆಯ ನಿಯಮಗಳನ್ನು ಓದುವ ಚಟ ನನಗೆ ಅಂಟಿದ್ದು ಆಮೇಲೆ. ಅವರ ಕ್ಯಾಲೆಂಡರಿನಲ್ಲಿ ಚಳಿಗಾಲ ಎಂದರೆ ಜನವರಿ, ಫೆಬ್ರವರಿ ಎರಡೇ ತಿಂಗಳು. ಡಿಸೆಂಬರ್ ಇನ್ನೂ ಹಿಂಗಾರಿನ ಖಾತೆಯಲ್ಲಿದೆ. ಇದನ್ನು ಹೇಳಿದಾಗ ಅಪ್ಪ, “ಹಂಗಾರ ಇಲ್ಲೀತನಕ ನಡುಗಿದ್ದು ಬಿಟ್ಟೀನೇನು?” ಎಂದ. ಶೀತಗಾಳಿಗೂ ಒಂದು ಕಾನೂನಿದೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಇಳಿಯಬೇಕು, ಕರಾವಳಿಯ ಕೇಂದ್ರಗಳಿಗೆ 15 ಸಾಕು. ನನಗೆ ಲಾಟರಿ ಹೊಡೆದಂತಾಯಿತು. ಜೋಯಿಡಾ, ದಾಂಡೇಲಿ ಕಡೆ ಪಾರಾ 12–13ಕ್ಕೆ ಇಳಿಯುವ ಬೆಳಗುಗಳಿಗೆ ಬರವಿಲ್ಲ. ನಾವು ನಿಜಕ್ಕೂ ಕರಾವಳಿಯವರಾದರೆ ದಿನಬೆಳಗಾದರೆ ಶೀತಗಾಳಿ ಸಂತ್ರಸ್ತರು! ಮುಂದಿನ ಸಾಲು ಓದಿದೆ: ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆಯೂ ಇರಬೇಕಂತೆ. ನಮ್ಮ ವಾಡಿಕೆಯೇ ನಡುಕ. ಅರ್ಜಿ ಅಲ್ಲಿಗೇ ವಜಾ.

ಕಳೆದ ಡಿಸೆಂಬರಿನಲ್ಲಿ ಮಾವ ಬಂದರು. ಹೊರಡುವ ಮುಂಚೆ ಪೇಪರಿನಲ್ಲಿ ಕರಾವಳಿಯ ಹವೆ ನೋಡಿಕೊಂಡೇ ಹೊರಟ ಶಿಸ್ತಿನ ಮನುಷ್ಯ. ತಂದದ್ದು ಎರಡು ಪಂಚೆ, ಎರಡು ತೋಳಿಲ್ಲದ ಬನಿಯನ್ನು. ಮಗಳು ಫೋನಿನಲ್ಲಿ ಎಷ್ಟು ಹೇಳಿದರೂ “ಇಲ್ಲಿ ಫ್ಯಾನ್ ಹಾಕಿ ಕೂತಿದ್ದೇವೆ ಮಾರಾಯ್ತಿ” ಎಂದು ನಕ್ಕಿದ್ದರಂತೆ. ರಾತ್ರಿ ಹತ್ತಕ್ಕೆ ಒಂದು ಕೌದಿ ಕೇಳಿದರು. ನಮ್ಮ ಸೀಮೆಯ ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಹೊಲಿದ, ಹೊದ್ದರೆ ಹೊರಳಲಾಗದಷ್ಟು ಭಾರದ ಕೌದಿ ಅದು. ಹನ್ನೊಂದಕ್ಕೆ ಇನ್ನೊಂದು ಕೇಳಿದರು. ಹನ್ನೆರಡಕ್ಕೆ ಕೇಳಲಿಲ್ಲ, ಎದ್ದು ಬಂದು ನನ್ನದನ್ನೇ ಎಳೆದುಕೊಂಡು ಹೋದರು.

ಬೆಳಿಗ್ಗೆ ಹಿತ್ತಲಲ್ಲಿ ಬೆಂಕಿ ಹಾಕಿ, ಜೋಯಿಡಾದ ಗೆಡ್ಡೆ-ಗೆಣಸಿನ ಮೇಳದಿಂದ ತಂದಿದ್ದ ಗೆಣಸನ್ನು ಕೆಂಡದಲ್ಲಿ ಹುಗಿದು ಕೂತೆವು. ಮಾವ ಅಪ್ಪನ ಮಂಕಿ ಟೋಪಿಯೊಳಗಿಂದ ಪೇಪರ್ ಓದುತ್ತಿದ್ದವರು ಒಮ್ಮೆಲೇ ನೆಟ್ಟಗಾದರು. ಹಿಂದಿನ ದಿನ ದೇಶದಲ್ಲೇ ಅತಿ ಹೆಚ್ಚು ಉಷ್ಣಾಂಶ ದಾಖಲಾದದ್ದು ಕಾರವಾರದಲ್ಲಿ! ಚಳಿಗಾಲದಲ್ಲಿ ಈ ಪಟ್ಟ ನಮ್ಮ ಕರಾವಳಿಗೆ ಆಗಾಗ ಸಿಗುತ್ತಿರುತ್ತದೆ. ಜಿಲ್ಲೆಯ ಹೆಮ್ಮೆಯಿಂದ ಅವರ ಎದೆ ಉಬ್ಬಿತು, ಹಲ್ಲು ಮಾತ್ರ ಕಟಕಟ ಎನ್ನುತ್ತಲೇ ಇತ್ತು.

ನಾನು ಸುಮ್ಮನಿರಲಾರದೆ ಕಾರಣ ವಿವರಿಸಿದೆ. ಮೋಡವಿಲ್ಲದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹಾರಿಹೋಗಿ ತಣ್ಣನೆಯ ಗಾಳಿ ಕಣಿವೆಗಳಲ್ಲಿ ಬಂದು ಕೂರುತ್ತದೆ. ಹಗಲು ಮೂಡಗಾಳಿ ನಮ್ಮ ತಲೆಯ ಮೇಲೆ ಹಾದು ಘಟ್ಟ ಇಳಿಯುತ್ತದೆ. ಒಣಗಾಳಿ ಒಂದು ಕಿಲೋಮೀಟರ್ ಇಳಿದರೆ ಹತ್ತು ಡಿಗ್ರಿ ಬಿಸಿಯಾಗುತ್ತದೆ. ನಾವಿರುವುದು ಸುಮಾರು ಅರ್ಧ ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಐದು ಡಿಗ್ರಿ ಲಾಭ. ಸಾಲದ್ದಕ್ಕೆ ಅದು ಕಡಲಗಾಳಿಯನ್ನು ಮಧ್ಯಾಹ್ನದವರೆಗೆ ದಡಕ್ಕೆ ಬರಗೊಡುವುದಿಲ್ಲ.

“ಅಂದ್ರೆ ನಮ್ಮೂರ ಸೆಕೆ ನಿಮ್ಮೂರಿಂದ ಬಂದದ್ದಾ?” ಮಾವ ಕೇಳಿದರು.

“ಬೀಗರ ಮನಿಗೆ ಬರೀ ಕೈಲೆ ಕಳಸಬಾರದಲ್ಲರೀ” ಎಂದ ಅಪ್ಪ.

ಒಳಗೆ ರೇಡಿಯೋ ಶುರುವಾಯಿತು. ಕರಾವಳಿಯಲ್ಲಿ ಒಣಹವೆ, ಮೀನುಗಾರರಿಗೆ ಯಾವುದೇ ಎಚ್ಚರಿಕೆ ಇಲ್ಲ. ಅಪ್ಪ ಎದ್ದು ನಿಂತು ಹೊಸ ಟವೆಲ್ಲೊಂದನ್ನು ಮಾವನ ಮುಂದೆ ಹಿಡಿದ. “ಬೀಗರ, ಸಮುದ್ರಕ್ಕ ಇಳಿಯಾಕ ಅಡ್ಡಿ ಇಲ್ಲಂತ. ನೀವು ಮೊದಲ ಇಳೀರಿ.”

ಎಪ್ಪತ್ತು ವರ್ಷ ಅಲೆಯ ಪಕ್ಕದಲ್ಲೇ ಬದುಕಿದ ಮಾವ ಬಚ್ಚಲಮನೆಯ ಕಡೆ ಒಮ್ಮೆ, ಬೆಂಕಿಯಿಂದ ಅಲ್ಲಿಯವರೆಗಿನ ತಣ್ಣನೆಯ ಕಡಪಾ ಕಲ್ಲಿನ ಕಡೆ ಒಮ್ಮೆ ನೋಡಿದರು. ಕೌದಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು.

“ಇವತ್ತು ದೋಣಿ ದಡದಲ್ಲೇ ಇರ್ಲಿ, ಬೀಗರೇ.”